ಬಜ್ಪೆಯ ಪದವು

ಕಾಸರಗೋಡು ಸೀಮೆಯಲ್ಲಿ ‘ಬಜ್ಪೆಗೆ ಹೋಗಿದ್ದಾರೆ’ ಎಂದರೆ ಆ ಹೆಸರಿನ ಹಳ್ಳಿಗೆ ಹೋಗಿದ್ದಾರೆಂದು ಯಾರೂ ತಿಳಿಯುವುದಿಲ್ಲ. ಮನೆಯವರಾರೋ ಪರದೇಶಕ್ಕೆ ಹೊರಟಿದ್ದಾರೆ, ಇಲ್ಲವೆ ಪರದೇಶದಿಂದ ಬರುತ್ತಿದ್ದಾರೆ ಎಂದೇ ಅದರ ಅರ್ಥ. ಕಾಗದಪತ್ರಗಳಲ್ಲಿ ಅದು ಮಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ನಮ್ಮ ಬಾಯಲ್ಲಿ ಬರಿಯ ಬಜ್ಪೆ. ರಾಜ್ಯದ ಎಲ್ಲೆಯಾಚೆ ಇರುವುದನ್ನು ನಮ್ಮದೆಂದು ಹೇಳಿಕೊಳ್ಳಲು ನಮಗೇನು ಅಧಿಕಾರವೆಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಆ ನಿಲ್ದಾಣದ ಹುಟ್ಟಿನಲ್ಲಿಯೇ ಅಡಗಿದೆ.

1951ನೆಯ ಇಸವಿ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ಡಗ್ಲಾಸ್ ಡಿಸಿ–3 ವಿಮಾನದಲ್ಲಿ ಬಂದಿಳಿದಾಗ ಬಜ್ಪೆ ನಿಲ್ದಾಣದ ಪ್ರಾರಂಭವಾಯಿತು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆಯುತ್ತಿದ್ದ ಕಾಲವದು. ಮಂಗಳೂರು ಆಗ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ಕಾಸರಗೋಡು ಅದೇ ಜಿಲ್ಲೆಯ ತೆಂಕಣ ತುದಿಯ ತಾಲೂಕು. ಬಜ್ಪೆಯ ಕಲೆಕ್ಟರರೇ ನಮಗೂ ಕಲೆಕ್ಟರರು. ಈ ಸಂಗತಿಯನ್ನು ಎರಡು ಕಡೆಯವರೂ ಈಗ ಮರೆತಂತಿದೆ.

ಅಂದಿನ ಕರಾವಳಿ ಎಷ್ಟು ಒಂಟಿಯಾಗಿತ್ತೆಂಬುದನ್ನು ಇಂದಿನ ವಾಚಕರು ಊಹಿಸುವುದು ಕಷ್ಟ. ಮೂಡಲಿಗೆ ಘಟ್ಟ, ಪಡುವಲಿಗೆ ಕಡಲು, ನಡುವೆ ಹತ್ತಾರು ಹೊಳೆಗಳು. ಹೆದ್ದಾರಿಯ ಸೇತುವೆಗಳು ಬರುವ ಮುನ್ನ ಒಂದೊಂದು ಹೊಳೆಗೂ ಒಂದೊಂದು ಕಡವು, ದೋಣಿಗಾಗಿ ಕಾಯುವಿಕೆ. ಮಳೆಗಾಲದಲ್ಲಿ ಅಳಿವೆಯ ತೆರೆಗಳಿಗೆ ಅಂಜಿ ಮಚ್ವೆಗಳೂ ಪತ್ತೆಮಾರಿಗಳೂ ದಡ ಸೇರುತ್ತಿದ್ದವು. ಬೇಸಗೆಯಲ್ಲಿಯೂ ಮುಂಬಯಿಯ ಹಡಗು ಅಳಿವೆಯ ಹೊರಗೆ ಲಂಗರು ಹಾಕಬೇಕು, ಜನರೂ ಸರಕೂ ದೋಣಿಯಲ್ಲಿ ದಡ ಮುಟ್ಟಬೇಕು. ರೈಲು 1907ರಲ್ಲಿಯೇ ಮಂಗಳೂರಿಗೆ ಬಂದಿತ್ತು, ನಿಜ. ಆದರೆ ಅದು ತೆಂಕಣಿಂದ ಬಂದ ದಾರಿ. ಘಟ್ಟದ ಮೇಲಣ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಷೊರನೂರು, ಪಾಲಘಾಟು, ಜೋಲಾರಪೇಟೆಗಳನ್ನು ಬಳಸಿಕೊಂಡು ಹೋಗಬೇಕಾಗಿತ್ತು. ಹಾಸನದಿಂದ ಮಂಗಳೂರಿಗೆ ಹಳಿ ಕೂಡಿದುದು 1979ರಲ್ಲಿ. ಕೊಂಕಣ ರೈಲು ಪೂರ್ತಿಯಾದುದು 1998ರಲ್ಲಿ. ಎಂದರೆ ಘಟ್ಟವನ್ನು ರೈಲು ಹತ್ತುವುದಕ್ಕೆ ಇಪ್ಪತ್ತೇಳು ವರ್ಷ ಮೊದಲೇ ಇಲ್ಲಿನ ಜನ ಅದನ್ನು ಹಾರಿ ದಾಟಿದ್ದರು!

ಆದರೆ ವಿಮಾನಕ್ಕೆ ಸಮನಾದ ನೆಲ ಬೇಕು. ನಮ್ಮ ಕಡೆ ತಗ್ಗಿನ ಸಮನೆಲವೆಲ್ಲ ಗದ್ದೆ, ತೋಟ. ಬರಿದಾಗಿ ಉಳಿದುದು ಪದವು ಮಾತ್ರ. ಮುರಕಲ್ಲಿನ ಆ ಬೋಳು ನೆತ್ತಿಯಲ್ಲಿ ಹುಲ್ಲಲ್ಲದೆ ಬೇರೇನೂ ಸುಲಭವಾಗಿ ಬೆಳೆಯದು. ನಗರದಿಂದ ಸುಮಾರು 13 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 100 ಮೀಟರು ಎತ್ತರದಲ್ಲಿರುವ ಬಜ್ಪೆಯ ಪದವಿನ ಮೇಲೆ 1,615 ಮೀಟರು ಉದ್ದದ ರನ್‌ವೇ ಮೂಡಿತು. ಅದರ ಎರಡು ತುದಿಗಳಲ್ಲಿಯೂ ನೆಲ ಕಣಿವೆಗೆ ಇಳಿಯುತ್ತದೆ. ಉದ್ದ ಸಾಲದೆಂದರೆ ಮುಂದೆ ಹಿಗ್ಗಿಸಲು ಭೂಮಿಯೇ ಇಲ್ಲ. ಇಪ್ಪತ್ತೆಂಟು ಮಂದಿಯನ್ನು ಹೊರುವ ಡಕೋಟಾಕ್ಕೆ ಅದು ಧಾರಾಳವಾಗಿತ್ತು. ಜಿಲ್ಲೆಯ ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರನ್ನು ಇಲ್ಲಿ ನೆನೆಯದಿದ್ದರೆ ಕೃತಘ್ನತೆಯಾದೀತು. ವಿಮಾನ ನಿಲ್ದಾಣ, ಪಣಂಬೂರಿನ ಬಂದರು, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಈ ಮೂರರ ಹಿಂದೆಯೂ ಅವರ ದುಡಿಮೆಯಿತ್ತು.

1956ರ ನವೆಂಬರ್ 1ರಂದು, ನಿಲ್ದಾಣಕ್ಕೆ ಐದು ವರ್ಷ ತುಂಬಲು ಎರಡು ತಿಂಗಳೂ ಉಳಿಯದಿದ್ದಾಗ, ಜಿಲ್ಲೆ ಮೈಸೂರು ರಾಜ್ಯಕ್ಕೆ ಸಂದಿತು, ನಮ್ಮ ತಾಲೂಕು ಕೇರಳಕ್ಕೆ. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದುದು ಕಾಗದದ ಮೇಲೆಯೇ ಉಳಿಯಿತು. ಆ ಕಥೆಯನ್ನು ಈ ಪತ್ರಿಕೆಯ ವಾಚಕರಿಗೆ ಮತ್ತೆ ಹೇಳಬೇಕಾಗಿಲ್ಲ. ವಿಮಾನಯಾನ ಕೇಂದ್ರ ಸರಕಾರದ ಅಧೀನವಾದುದರಿಂದ ನಿಲ್ದಾಣದ ಒಡೆತನಕ್ಕೇನೂ ಅಂದು ಬದಲಾವಣೆ ಬರಲಿಲ್ಲ. ಅದಕ್ಕೆ ಹೋಗುವ ದಾರಿಯಲ್ಲಿ ತಲಪಾಡಿಯ ಎಲ್ಲೆಯೊಂದು ಹುಟ್ಟಿಕೊಂಡಿತು.

ಡಕೋಟಾಗಳ ಕಾಲ ಮುಗಿದು ಜೆಟ್ ವಿಮಾನಗಳು ಬಂದಾಗ ಪದವು ಕಿರಿದೆಂದು ತೋರತೊಡಗಿತು. 1981ರ ಆಗಸ್ಟ್ 19ರಂದು ಬೋಯಿಂಗ್ 737 ವಿಮಾನವೊಂದು ಮಳೆಯಲ್ಲಿ ರನ್‌ವೇ ಮೀರಿ ಅಂಚಿನಲ್ಲಿ ನಿಂತಿತು. ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅದರಲ್ಲಿದ್ದರು, ಯಾರೂ ಸಾಯಲಿಲ್ಲ. ಅಷ್ಟರಲ್ಲಿ ಕೊಲ್ಲಿಯ ನಾಡುಗಳಿಗೆ ನಮ್ಮ ಯುವಕರ ವಲಸೆ ಬೆಳೆದಿತ್ತು. ಮುಂಬಯಿಯ ಮೂಲಕ ಹೋಗಿಬರುತ್ತಿದ್ದವರಿಗೆ 2006ರಲ್ಲಿ ಬಜ್ಪೆಯಿಂದಲೇ ದುಬೈ ವಿಮಾನ ದೊರೆಯಿತು. ಅದೇ ವರ್ಷ 2,450 ಮೀಟರಿನ ಎರಡನೆಯ ರನ್‌ವೇ ಬಳಕೆಗೆ ಬಂದಿತು. ಅದೂ ಗುಡ್ಡದ ನೆತ್ತಿಯ ಮೇಲೆಯೇ.

2010ರ ಮೇ 22, ಶನಿವಾರ ಬೆಳಗ್ಗೆ ಆರು ಗಂಟೆ ಕಳೆದ ಕೆಲವೇ ನಿಮಿಷಗಳಲ್ಲಿ ದುಬೈಯಿಂದ ಬಂದ ವಿಮಾನ ಆ ರನ್‌ವೇಯ ಸುಮಾರು 1,600 ಮೀಟರು ಕಳೆದ ಮೇಲೆ ನೆಲ ಮುಟ್ಟಿತು. ನಿಲ್ಲಲಾರದೆ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕಿದವರು ಎಂಟು ಮಂದಿ. ದಾರಿಯಲ್ಲಿ ಬಹುಕಾಲ ನಿದ್ರಿಸಿದ್ದ ಕಪ್ತಾನ, ಇಳಿಯುವ ಹದ ತಪ್ಪಿದ್ದರೂ ಮತ್ತೆ ಮೇಲೇರದೆ ಹೋದನೆಂದು ವಿಚಾರಣೆ ಕಂಡುಕೊಂಡಿತು. ‘ಸುತ್ತಿ ಬರೋಣ’ ಎಂದು ಸಹಚಾಲಕ ಮೂರು ಸಲ ಹೇಳಿದ್ದನಂತೆ. ತಪ್ಪು ಮನುಷ್ಯನದೇ ಎಂದು ನಾವೂ ಒಪ್ಪುತ್ತೇವೆ. ಬಯಲಿನ ನಿಲ್ದಾಣವಾಗಿದ್ದರೆ ಅಂತಹ ತಪ್ಪಿಗೆ ಇಷ್ಟು ಬೆಲೆ ತೆರಬೇಕಾಗುತ್ತಿರಲಿಲ್ಲವೇನೋ.

ಸತ್ತವರಲ್ಲಿ ಕಾಸರಗೋಡು ಜಿಲ್ಲೆಯವರು ಅನೇಕರಿದ್ದರು. ಶವಗಳನ್ನು ಗುರುತಿಸಲು ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯ ಮುಂದೆ ಎರಡು ರಾಜ್ಯಗಳ ಜನ ಒಂದೇ ಸಾಲಿನಲ್ಲಿ ನಿಂತರು. ಸುಟ್ಟು ಗುರುತು ಸಿಗದವರ ಪರೀಕ್ಷೆ ಹೈದರಾಬಾದಿನಲ್ಲಿ ನಡೆಯಿತು; ಆಮೇಲೂ ಹನ್ನೆರಡು ಮಂದಿ ಯಾರೆಂದು ತಿಳಿಯಲಿಲ್ಲ. ಅವರನ್ನು ಗುರುಪುರ ಹೊಳೆಯ ದಡದಲ್ಲಿ, ಕೂಳೂರಿನ ಬಳಿ ಮಣ್ಣುಮಾಡಿದರು. ಪರಿಹಾರದ ಪ್ರಶ್ನೆ ಬಂದಾಗ ಮಾತ್ರ ಎಲ್ಲೆ ಮತ್ತೆ ತಲೆಯೆತ್ತಿತು. ಮಂಗಳೂರಿನ ಮಣ್ಣಿನಲ್ಲಿ ಸತ್ತವನಿಗಾಗಿ ನಮ್ಮ ಕಡೆಯ ಕುಟುಂಬವೊಂದು ಎರ್ನಾಕುಲದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2011ರಲ್ಲಿ ಏಕಸದಸ್ಯ ಪೀಠ ಕನಿಷ್ಠ 75 ಲಕ್ಷ ರೂಪಾಯಿ ಕೊಡಬೇಕೆಂದಿತು. ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು.

2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನೆವದಿಂದ ತಲಪಾಡಿಯ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಇಲ್ಲಿಯೇ ಉಳಿದು ಕಷ್ಟಪಟ್ಟರು. ಇಂತಹ ದಿನಗಳನ್ನು ನೆನೆದು, ನಮ್ಮ ರಾಜ್ಯದಲ್ಲಿಯೇ ಇರುವ ಕಣ್ಣೂರಿನ ನಿಲ್ದಾಣವನ್ನು ಬಳಸಿರೆಂದು ಹೇಳುವವರುಂಟು. 2018ರ ಡಿಸೆಂಬರಿನಲ್ಲಿ ಆರಂಭವಾದ ಅದು ಕಾಸರಗೋಡು ಪೇಟೆಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮಂಜೇಶ್ವರದವನಿಗೆ ಇನ್ನೂ ದೂರ. ಬಜ್ಪೆಗೋ, ಅವನು ಒಂದು ಗಂಟೆಯ ಆಚೀಚೆ ತಲಪಿಯಾನು. ಆಷಾಢದಲ್ಲಿ ಪದವಿಗೆ ಮೋಡ ಕವಿದು ಕೆಲವೊಮ್ಮೆ ವಿಮಾನ ಇಳಿಯಲಾರದೆ ಕಣ್ಣೂರಿಗೆ ತಿರುಗುವುದುಂಟು. ಆಗ ಎದುರುಗೊಳ್ಳಲು ಹೊರಟ ಕುಂಬಳೆಯ ಮನೆಯವರು ತಲಪಾಡಿಯಿಂದ ಕಾರನ್ನು ಹಿಂದಿರುಗಿಸಿ, ತಮ್ಮ ಮನೆಯ ಮುಂದಿನಿಂದಲೇ ಹಾದು, ತೆಂಕಣ ದಾರಿ ಹಿಡಿಯುತ್ತಾರೆ.