ವಂಶದ ಮೂಲಪುರುಷ: ಕುರುಗೋಡಿನ ಸಿಂದರು ಮತ್ತು ಆಂಗ್ಲೋ-ಸ್ಯಾಕ್ಸನ್ ಅರಸರು

ಬಳ್ಳಾರಿ ನಗರದ ವಾಯವ್ಯಕ್ಕಿರುವ ಕುರುಗೋಡು ಇಂದು ದೊಡ್ಡಬಸವೇಶ್ವರನ ಬೃಹತ್ ಏಕಶಿಲಾ ನಂದಿಯಿಂದ ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಸಿಂದವಂಶದ ಒಂದು ಶಾಖೆಯ ನೆಲೆವೀಡಾಗಿತ್ತು. ಬಲ್ಲಕುಂದೆ ಮುನ್ನೂರನ್ನು ಆಳುತ್ತಿದ್ದ ಈ ಶಾಖೆಯಲ್ಲಿ ರಾಚಮಲ್ಲನೆಂಬ ಹೆಸರಿನವರು 12ನೇ ಶತಮಾನದಲ್ಲಿ ಕಾಣಿಸಿಕೊಳ್ಳುತ್ತಾರೆ. ಉತ್ತರದ ಸಿರುಗುಪ್ಪ, ತುಂಗಭದ್ರೆಯ ತೀರ, ಪೂರ್ವದ ಆದವಾನಿ ಇವುಗಳನ್ನೊಳಗೊಂಡ ಸೀಮೆಗೆ ಶಾಸನಗಳು ಸಿಂದವಾಡಿ ಸಾಸಿರ ಎಂದು ಕರೆದಿವೆ. ಅರಸುಮನೆತನವೊಂದರ ಹೆಸರನ್ನೇ ನಾಡು ಹೊತ್ತುಕೊಂಡ ನಿದರ್ಶನವಿದು.

ಈ ಸಿಂದರು ಯಾರು ಎಂಬ ಪ್ರಶ್ನೆಗೆ ಶಾಸನಗಳು ಕೊಡುವ ಉತ್ತರ ಕುತೂಹಲಕರವಾದುದು. ಬಾಗಲಕೋಟೆ ಪ್ರದೇಶದ ಭೈರನಮಟ್ಟಿ ಶಾಸನವನ್ನು ಜೆ.ಎಫ್. ಫ್ಲೀಟ್ ಸಂಪಾದಿಸಿ ಪ್ರಕಟಿಸಿದನು. ಅದರ ಪ್ರಕಾರ ನಾಗರಾಜ ಧರಣೇಂದ್ರನು ಭೂಲೋಕವನ್ನು ನೋಡುವ ಬಯಕೆಯಿಂದ ಪಾತಾಳದಿಂದ ಮೇಲೆ ಬಂದನು. ಸಿಂಧುನದಿಯ ಸೀಮೆಯ ಅಹಿಚ್ಛತ್ರದಲ್ಲಿ ಅವನಿಗೊಬ್ಬ ಮಗ ಹುಟ್ಟಿದನು. ಹುಲಿಯ ಆಸರೆಯಲ್ಲಿ ಬೆಳೆದ ಆ ಶಿಶುವೇ ‘ನಿಡುದೋಳ ಸಿಂದ’, ಎಂದರೆ ನೀಳವಾದ ತೋಳುಗಳ ಸಿಂದ. ಅವನು ಕದಂಬ ರಾಜಕುಮಾರಿಯನ್ನು ವರಿಸಿದನು. ಅವನ ಸಂತತಿಯೇ ಸಿಂದವಂಶ. ತುಂಗಭದ್ರೆಯ ಮೇಲ್ಭಾಗದಲ್ಲಿ, ಹರಿಹರದ ಕಡೆ, ಇದೇ ವಂಶದ ಇನ್ನೊಂದು ಮೂಲಕಥೆ ದೊರೆಯುತ್ತದೆ. ಅಲ್ಲಿ ಮೂಲಪುರುಷನು ಶಿವನಿಗೂ ಸಿಂಧುನದಿಗೂ ಹುಟ್ಟಿದವನು. ಹಾವು, ಹುಲಿ, ಸಿಂಧು ಇವು ಎರಡು ಕಥೆಗಳಲ್ಲಿಯೂ ಉಳಿದುಕೊಂಡಿವೆ. ತಂದೆ ಮಾತ್ರ ಬದಲಾಗಿದ್ದಾನೆ.

ಈ ಬದಲಾವಣೆಯೇ ಇಲ್ಲಿ ವಿಚಾರಣೀಯ. ಧರಣೇಂದ್ರ ಎಂಬುದು ಯಾವುದೋ ಒಂದು ಹಾವಿನ ಹೆಸರಲ್ಲ. ಜೈನ ಪರಂಪರೆಯಲ್ಲಿ ಧರಣೇಂದ್ರನು 23ನೆಯ ತೀರ್ಥಂಕರನಾದ ಪಾರ್ಶ್ವನಾಥನ ಯಕ್ಷ. ಕಮಠನ ಉಪಸರ್ಗಕಾಲದಲ್ಲಿ ತೀರ್ಥಂಕರನ ಮೇಲೆ ಹೆಡೆಯನ್ನು ಕೊಡೆಯಾಗಿ ಹಿಡಿದವನು. ಆ ಘಟನೆ ನಡೆದ ಸ್ಥಳವೆಂದು ಜೈನರು ನಂಬುವುದು ಅಹಿಚ್ಛತ್ರವನ್ನೇ. ಐತಿಹಾಸಿಕ ಅಹಿಚ್ಛತ್ರವಾದರೋ ಗಂಗಾ ಬಯಲಿನ ನಗರ. ಸಿಂಧುತೀರಕ್ಕೂ ಅದಕ್ಕೂ ಬಹುದೂರ. ಆದ್ದರಿಂದ ಶಾಸನಕವಿಯು ಭೂಗೋಳವನ್ನು ಅನುಸರಿಸದೆ ಎರಡು ಸ್ಮೃತಿಗಳನ್ನು ಹೆಣೆದಿದ್ದಾನೆ ಎಂದು ತಿಳಿಯಬೇಕಾಗುತ್ತದೆ. ‘ಸಿಂದ’ ಎಂಬ ಹೆಸರಿನ ಧ್ವನಿ ಸಿಂಧುವನ್ನು ತಂದಿತು. ನಾಗಮೂಲದ ಹಳೆಯ ನಂಬಿಕೆಯು ಧರಣೇಂದ್ರನನ್ನೂ ಅವನೊಡನೆ ಅಹಿಚ್ಛತ್ರವನ್ನೂ ತಂದಿತು. ಅಶ್ವತ್ಥದ ಕಟ್ಟೆಯ ಮೇಲೆ ನಾಗರಕಲ್ಲುಗಳನ್ನು ನಿಲ್ಲಿಸಿ ಪೂಜಿಸುವ ನಾಡಿನಲ್ಲಿ ಕುಲದ ಹಾವನ್ನು ಕೈಬಿಡುವುದು ಸಾಧ್ಯವಿರಲಿಲ್ಲ. ಕೈಬಿಡದೆಯೇ ಅದಕ್ಕೆ ಉನ್ನತವಾದ ಸ್ಥಾನವೊಂದನ್ನು ಕಲ್ಪಿಸಲಾಯಿತು.

ಇದು ಕನ್ನಡನಾಡಿನ ವೈಚಿತ್ರ್ಯವೆಂದು ಭಾವಿಸಬೇಕಾಗಿಲ್ಲ. ಹೆಚ್ಚುಕಡಿಮೆ ಇದೇ ಶತಮಾನಗಳಲ್ಲಿ, ಕನ್ನಡನಾಡಿನ ಸಂಪರ್ಕವೇ ಇಲ್ಲದ ಇಂಗ್ಲೆಂಡಿನಲ್ಲಿಯೂ ಇಂತಹದೇ ಕಾರ್ಯ ನಡೆಯುತ್ತಿತ್ತು. ಅಲ್ಲಿಯ ಆಂಗ್ಲೋ-ಸ್ಯಾಕ್ಸನ್ ಅರಸರ ಮೂಲಪುರುಷ ವೋಡನ್. ಅವನು ಕ್ರೈಸ್ತಪೂರ್ವ ಕಾಲದ ಪ್ರಮುಖ ದೇವತೆ. ಬುಧವಾರದ ಇಂಗ್ಲಿಷ್ ಹೆಸರಿನಲ್ಲಿ ಇಂದಿಗೂ ಉಳಿದಿದ್ದಾನೆ. ಕ್ರಿ.ಶ. 597ರಲ್ಲಿ ಅಗಸ್ಟೀನನು ಕೆಂಟ್ ಸೀಮೆಗೆ ಬಂದ ಬಳಿಕ ಅರಸುಮನೆತನಗಳು ಒಂದೊಂದಾಗಿ ಕ್ರೈಸ್ತಮತವನ್ನು ಸ್ವೀಕರಿಸಿದವು. 601ರಲ್ಲಿ ಪೋಪ್ ಗ್ರೆಗೊರಿಯು, ಹಳೆಯ ಗುಡಿಗಳನ್ನು ಕೆಡವದೆ ಅಲ್ಲಿಯ ವಿಗ್ರಹಗಳನ್ನು ಮಾತ್ರ ತೆಗೆದು, ಶುದ್ಧೀಕರಿಸಿ ಬಳಸಿಕೊಳ್ಳಬೇಕೆಂದು ಪತ್ರ ಬರೆದನು. ಪೂರ್ವ ಆಂಗ್ಲಿಯಾದ ಅರಸ ರೆಡ್ವಾಲ್ಡನು ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು, ಹಳೆಯ ದೇವತೆಗಳಿಗೊಂದು ವೇದಿಕೆಯನ್ನು ಇರಿಸಿಕೊಂಡಿದ್ದನೆಂದು ಸನ್ಯಾಸಿ ಬೀಡನು 731ರಲ್ಲಿ ಮುಗಿಸಿದ ತನ್ನ ಚರಿತ್ರಗ್ರಂಥದಲ್ಲಿ ಅಸಮಾಧಾನದಿಂದ ದಾಖಲಿಸುತ್ತಾನೆ. 1939ರಲ್ಲಿ ಸಟನ್ ಹೂ ಎಂಬಲ್ಲಿ ಉತ್ಖನನವಾದ ನೌಕಾಸಮಾಧಿಯನ್ನು ಅನೇಕ ವಿದ್ವಾಂಸರು ಇದೇ ಅರಸನೊಡನೆ ಸಂಬಂಧಿಸುತ್ತಾರೆ.

ಮತ ಬದಲಾಯಿತು, ಆದರೆ ವಂಶಾವಳಿಯಿಂದ ವೋಡನ್ ಮರೆಯಾಗಲಿಲ್ಲ. ಬ್ರಿಟನ್ನಿಗೆ ಮೊದಲು ಬಂದ ನಾಯಕರಾದ ಹೆಂಗಿಸ್ಟ್ ಮತ್ತು ಹೊರ್ಸಾ ವೋಡನ್ನನ ಸಂತತಿಯವರೆಂದು ಸ್ವತಃ ಬೀಡನೇ ಹೇಳುತ್ತಾನೆ. ಈ ಇಬ್ಬರ ಹೆಸರುಗಳಿಗೂ ಕುದುರೆ ಎಂಬ ಅರ್ಥವಿರುವುದು ಸಿಂದರ ಹಾವು ಹುಲಿಗಳನ್ನು ನೆನಪಿಗೆ ತರುತ್ತದೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಆಲ್ಫ್ರೆಡ್ ಅರಸನ ಕಾಲದಲ್ಲಿ ಸಂಕಲಿತವಾದ ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಆಲ್ಫ್ರೆಡನ ತಂದೆ ಎಥೆಲ್‌ವುಲ್ಫನ ವಂಶವನ್ನು ವೋಡನ್ನನವರೆಗೆ ಒಯ್ದು ಅಲ್ಲಿಗೆ ನಿಲ್ಲಿಸುವುದಿಲ್ಲ. ವೋಡನ್ನನ ಪೂರ್ವಜರನ್ನು ಎಣಿಸುತ್ತ, ನೋವನ ನಾವೆಯಲ್ಲಿ ಹುಟ್ಟಿದ ಮಗನೊಬ್ಬನನ್ನು ಕಾಣಿಸಿ, ಬೈಬಲ್ಲಿನ ಆದಿಮಾನವನಾದ ಆದಾಮನವರೆಗೆ ಏರುತ್ತದೆ. ದೇವರಾಗಿದ್ದವನು ಹೀಗೆ ಮನುಷ್ಯನಾದನು. ಅರಸನ ಕುಲಗೌರವಕ್ಕೆ ಕುಂದು ಬರಲಿಲ್ಲ, ಪಾದ್ರಿಯ ಮನಸ್ಸಾಕ್ಷಿಗೂ ನೋವಾಗಲಿಲ್ಲ.

ಕಾವ್ಯಲೋಕದಲ್ಲಿಯೂ ಈ ಸಂಧಾನ ಕಾಣುತ್ತದೆ. ಸುಮಾರು 1000ನೇ ಇಸವಿಯ ಒಂದೇ ಹಸ್ತಪ್ರತಿಯಲ್ಲಿ ಉಳಿದುಬಂದಿರುವ 3182 ಸಾಲುಗಳ ‘ಬಿಯೋವುಲ್ಫ್’ ಕಾವ್ಯ ಪ್ರಾರಂಭವಾಗುವುದೇ ಶೀಲ್ಡ್ ಎಂಬ ಮೂಲಪುರುಷನಿಂದ. ಶಿಶುವಾಗಿದ್ದಾಗ ಅನಾಥನಾಗಿ ಕಡಲ ಮೇಲೆ ಬಂದವನು ಅವನು. ಕ್ರೈಸ್ತನಾದ ಆ ಅಜ್ಞಾತಕವಿಯು ಪೂರ್ವಜರ ಶೌರ್ಯವನ್ನು ಮನಸಾರೆ ಹೊಗಳುತ್ತಾನೆ. ಅವರು ಗುಡಿಗಳಲ್ಲಿ ಹರಕೆ ಹೊತ್ತುದಕ್ಕೆ ಮರುಗುತ್ತಾನೆ. ಮೆಚ್ಚುಗೆಯೂ ಮರುಕವೂ ಒಂದೇ ಕಾವ್ಯದಲ್ಲಿ ಬೆರೆತಿವೆ. ಜೈನಕವಿ ಪಂಪನು ಹಿಡಿದ ದಾರಿ ಬೇರೆ. ಅವನು ‘ಆದಿಪುರಾಣ’ವನ್ನು ಜಿನಾಗಮಕ್ಕೂ ‘ವಿಕ್ರಮಾರ್ಜುನವಿಜಯ’ವನ್ನು ಲೌಕಿಕಕ್ಕೂ ಮೀಸಲಿಟ್ಟು, ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ಒಡೆಯನಿಗೆ ಪುರಾಣಪುರುಷನ ಗೌರವ ದೊರೆಯಿತು. ಕವಿಯ ಶ್ರದ್ಧೆ ತನ್ನ ಎಡೆಯಲ್ಲಿ ಅಬಾಧಿತವಾಗಿ ಉಳಿಯಿತು.

ಸಾಮ್ಯದಷ್ಟೇ ವ್ಯತ್ಯಾಸವೂ ಮುಖ್ಯ. ಇಂಗ್ಲೆಂಡಿನಲ್ಲಿ ಮತಾಂತರದ ಬಳಿಕ ಹಳೆಯ ಶ್ರದ್ಧೆಗೆ ಬಹಿರಂಗದ ಬದುಕಿರಲಿಲ್ಲ. ಆದ್ದರಿಂದ ಅಲ್ಲಿಯ ವಂಶಾವಳಿ ಏಕಮುಖವಾಗಿ ಮೇಲೇರಿ ಬೈಬಲ್ಲಿನಲ್ಲಿ ಕೊನೆಗೊಳ್ಳುತ್ತದೆ. ಕನ್ನಡನಾಡಿನಲ್ಲಿ ಜಿನಾಲಯವೂ ಶಿವಾಲಯವೂ ನಾಗರಕಟ್ಟೆಯೂ ಒಂದೇ ಕಾಲದಲ್ಲಿ ಪೂಜೆ ಪಡೆಯುತ್ತಿದ್ದವು. ಹೀಗಾಗಿ ಒಂದೇ ಮೂಲಪುರುಷನಿಗೆ ಒಂದೆಡೆ ಧರಣೇಂದ್ರನೂ ಇನ್ನೊಂದೆಡೆ ಶಿವನೂ ತಂದೆಯಾಗಲು ಅವಕಾಶವಿತ್ತು. ಮಾಧ್ಯಮದ ಭೇದವೂ ಗಮನಾರ್ಹ. ಅಲ್ಲಿಯ ವಂಶಾವಳಿ ಚರ್ಮದ ಹಾಳೆಯ ಮೇಲೆ ಮಠಗಳ ಒಳಗೆ ಉಳಿಯಿತು. ಇಲ್ಲಿಯದು ದತ್ತಿಯ ವಿವರದೊಡನೆ ಕಲ್ಲಿನ ಮೇಲೆ ಬಹಿರಂಗವಾಗಿ ನಿಂತಿತು. ದಾನ ಕೊಟ್ಟವನು ಯಾವ ಕುಲದವನು ಎಂಬುದು ದಾನದ ಸ್ಥಿರತೆಗೇ ಸಾಕ್ಷಿಯಾಗಬೇಕಾಗಿತ್ತು.

ಶಾಸನಾಧ್ಯಯನದಲ್ಲಿ ಇಂತಹ ಮೂಲಕಥೆಗಳನ್ನು ಕಲ್ಪಿತವೆಂದು ಬದಿಗಿರಿಸಿ, ನಿಜವಾದ ಅರಸರ ಪಟ್ಟಿಗೆ ನೇರವಾಗಿ ಸಾಗುವ ರೂಢಿಯುಂಟು. ರಾಜಕೀಯ ಕಾಲಾನುಕ್ರಮಕ್ಕೆ ಅದು ಸರಿಯೇ. ಆದರೆ ನಂಬಿಕೆಗಳ ಚರಿತ್ರೆಗೆ ಆ ಪಟ್ಟಿಯಷ್ಟೇ ಸಾಲದು. ಸಿಂದರು ಜೈನರಾಗಿದ್ದರೆಂದು ಧರಣೇಂದ್ರನ ಹೆಸರೊಂದರಿಂದಲೇ ಸಾಧಿಸಲಾಗದು. ಎಥೆಲ್‌ವುಲ್ಫನು ವೋಡನ್ನನನ್ನು ಪೂಜಿಸುತ್ತಿದ್ದನೆಂದು ಯಾರೂ ಹೇಳುವುದಿಲ್ಲವಷ್ಟೆ. ಆ ಕಥೆಯನ್ನು ಕೇಳುವ ಜನರಿಗೆ ಧರಣೇಂದ್ರನು ಯಾರೆಂದು ತಿಳಿದಿತ್ತು, ಅವನಿಂದ ಹುಟ್ಟುವುದು ಗೌರವವೆನಿಸಿತ್ತು ಎಂಬುದನ್ನು ಮಾತ್ರ ಅದು ಖಚಿತವಾಗಿ ತಿಳಿಸುತ್ತದೆ. ವಂಶಾವಳಿಯ ಕೆಳಗಿನ ಹೆಸರುಗಳು ಯಾರು ಆಳಿದರೆಂಬುದನ್ನು ಹೇಳಿದರೆ, ಮೇಲಿನ ಹೆಸರುಗಳು ಆಳಿಸಿಕೊಂಡವರು ಏನನ್ನು ನಂಬಿದ್ದರೆಂಬುದನ್ನು ಹೇಳುತ್ತವೆ.