ಮೆಟ್ರಿಕ್ ಫೇಲಾದವರು ಇಂಗ್ಲಿಷ್ ಪತ್ರಿಕೆ ನಡೆಸಿದ ಕಥೆ

ನಮ್ಮ ಗಾವಡಗೆರೆ ಕಡೆ ತಂಬಾಕು ಬೆಳೆಯುವ ಯಾವ ಮನೆ ಜಗಲಿ ಮೇಲೆ ಕೂತರೂ ಬ್ಯಾರನ್, ಕ್ಯೂರಿಂಗ್, ಗ್ರೇಡ್, ಬೇಲ್ ಅನ್ನುವ ಮಾತು ಕಿವಿಗೆ ಬೀಳುತ್ತದೆ. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದ ಮೇಲೆ ಆಕ್ಷನ್, ಪ್ಲಾಟ್‌ಫಾರಂ ಕೂಡ ಸೇರಿಕೊಂಡವು. ಎಲ್ಲವೂ ಇಂಗ್ಲಿಷ್. ಶಾಲೆಯ ಮುಖ ನೋಡದ ಅಜ್ಜಂದಿರೂ ಸರಿಯಾಗಿ ಬಳಸುತ್ತಾರೆ. ಯಾರೂ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಲಿಲ್ಲ. ಕೆಲಸದ ಜೊತೆಗೆ ಪದ ಬಂತು, ಉಳಿಯಿತು.

ಅದೇ ಮನೆಯಲ್ಲಿ ಡಿಗ್ರಿ ಓದುವ ಮಕ್ಕಳು ಇಂಗ್ಲಿಷ್ ಪೇಪರ್ ಹಿಡಿದು ನಾಲ್ಕು ಸಾಲು ಓದಿ ಕೆಳಗಿಡುತ್ತಾರೆ. 'ಇದು ನಮ್ಮಂಥವರಿಗಲ್ಲ' ಅನ್ನುತ್ತಾರೆ. ಈ ಮಾತಿಗೆ ನಮ್ಮ ಹಳೇ ಮೈಸೂರು ಸಂಸ್ಥಾನದಲ್ಲೇ ಒಂದು ಉತ್ತರ ಇದೆ.

ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. 'ಮಂಕುತಿಮ್ಮನ ಕಗ್ಗ' ಬರೆದವರು ಎಂದು ಎಲ್ಲರಿಗೂ ಗೊತ್ತು. ಆದರೆ ಅವರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹೊಟ್ಟೆಪಾಡಿಗೆ ಸೋಡಾ ಕಾರ್ಖಾನೆಯಲ್ಲಿ ದುಡಿದರು, ಜಟಕಾ ಗಾಡಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿದ್ದರು. ಆಮೇಲೆ ಪತ್ರಿಕೆ ಕೆಲಸಕ್ಕೆ ಬಂದರು. 1913ರಲ್ಲಿ, ಇನ್ನೂ 26ರ ವಯಸ್ಸಿನಲ್ಲಿ, 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಬೆಂಗಳೂರಿನಲ್ಲಿ ಶುರುಮಾಡಿದರು. ವಾರಕ್ಕೆ ಎರಡು ಸಂಚಿಕೆ.

ಡಿಗ್ರಿ ಇಲ್ಲದವರಿಗೆ ಅಷ್ಟು ಇಂಗ್ಲಿಷ್ ಎಲ್ಲಿಂದ ಬಂತು? ಓದಿನಿಂದ. ಅದೂ ಕಥೆ ಪುಸ್ತಕವಷ್ಟೇ ಅಲ್ಲ. ಜಾನ್ ಸ್ಟುವರ್ಟ್ ಮಿಲ್, ಜಾನ್ ಮಾರ್ಲಿ ಥರದವರು ರಾಜಕೀಯದ ಬಗ್ಗೆ ಬರೆದ ಗಟ್ಟಿ ಪುಸ್ತಕಗಳು. ಇವತ್ತಿನ ಇಂಗ್ಲಿಷ್ ಮೇಷ್ಟ್ರಿಗೂ ಒಂದೇ ಓದಿಗೆ ದಕ್ಕುವಂಥವಲ್ಲ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂದದ್ದು 1946ರಲ್ಲಿ. ಆಗ ಡಿವಿಜಿಗೆ ಅರವತ್ತು ಹತ್ತಿರ. ಅಂದರೆ ಆ ನಿಘಂಟಿಗೆ ಕಾಯದೆ ಓದಿದವರು ಅವರು.

ಅವರಿಗೆ ಓದಲೇಬೇಕಾದ ಕಾರಣವಿತ್ತು. ಸಂಸ್ಥಾನದ ಆಡಳಿತದ ವ್ಯವಹಾರ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಸರ್ಕಾರವನ್ನು ಪ್ರಶ್ನೆ ಕೇಳಬೇಕಾದರೆ ಅದರ ಭಾಷೆಯಲ್ಲೇ ಕೇಳಬೇಕು. ತೆರಿಗೆ, ಪ್ರಜಾಪ್ರತಿನಿಧಿ ಸಭೆ, ಹಕ್ಕು – ಈ ವಿಷಯಗಳು ಅವರ ತಲೆಯಲ್ಲಿ ಆಗಲೇ ಇದ್ದವು. ವಿಷಯ ಗೊತ್ತಿದ್ದವರಿಗೆ ಪದ ಕೈಗೆ ಸಿಗುತ್ತದೆ, ನಮ್ಮ ಅಜ್ಜನಿಗೆ 'ಕ್ಯೂರಿಂಗ್' ಸಿಕ್ಕ ಹಾಗೆ.

ಒಂದು ಉದಾಹರಣೆ ನೋಡಿ. 'ಫ್ರಾಂಚೈಸ್' ಅಂದರೆ ಇವತ್ತು ನಮಗೆ ಐಪಿಎಲ್ ತಂಡವೋ ಐಸ್‌ಕ್ರೀಂ ಅಂಗಡಿಯೋ ನೆನಪಾಗುತ್ತದೆ. ಮಿಲ್ ಬರಹದಲ್ಲಿ ಅದಕ್ಕೆ ಮತದಾನದ ಹಕ್ಕು ಎಂಬ ಅರ್ಥ. 'ಬಿಲ್' ಅಂಗಡಿಯಲ್ಲಿ ಒಂದು, ವಿಧಾನಸಭೆಯಲ್ಲಿ ಇನ್ನೊಂದು. 'ಕ್ಯೂರ್' ಆಸ್ಪತ್ರೆಯಲ್ಲಿ ಒಂದು, ಬ್ಯಾರನ್‌ನಲ್ಲಿ ಇನ್ನೊಂದು. ಪದಪಟ್ಟಿ ಉರು ಹೊಡೆದರೆ ಒಂದು ಅರ್ಥ ಸಿಗಬಹುದು. ಯಾವ ಅರ್ಥ ಎಲ್ಲಿ ಅನ್ನುವುದು ಪುಟ ಓದಿದರೆ ಮಾತ್ರ ತಿಳಿಯುತ್ತದೆ.

ಇನ್ನೊಬ್ಬರು ಕೋಟದ ಶಿವರಾಮ ಕಾರಂತರು. ಅಸಹಕಾರ ಚಳವಳಿಯ ಹೊತ್ತಿಗೆ ಕಾಲೇಜು ಬಿಟ್ಟವರು. ಆಮೇಲೆ ಸ್ವಂತ ಓದಿನಲ್ಲೇ ಬೆಳೆದು, 1936ರಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ ಮೂರು ಸಂಪುಟದ ವಿಶ್ವಕೋಶ ಕೊಟ್ಟರು. ಮುಂದೆ 'ವಿಜ್ಞಾನ ಪ್ರಪಂಚ' ಬಂತು. ಸಮುದ್ರದ ಬಗ್ಗೆ ರೇಚಲ್ ಕಾರ್ಸನ್ ಬರೆದ ಪುಸ್ತಕವನ್ನು ಕನ್ನಡಕ್ಕೆ ತಂದರು. ಓದಿದ್ದನ್ನು ಕನ್ನಡದಲ್ಲಿ ಹೇಳಹೊರಟರೆ ಅರ್ಥವಾಗದ ಪದವನ್ನು ಹಾರಿಸಿಕೊಂಡು ಹೋಗಲು ಆಗುವುದಿಲ್ಲ. ಪದ ಗಟ್ಟಿಯಾಗುವುದು ಅಲ್ಲೇ.

ಡಿವಿಜಿ ಕೂಡ ತಾವು ಕಲಿತದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ, ಅಲ್ಲಿ ಯುವಕರನ್ನು ಕೂರಿಸಿಕೊಂಡು ದೊಡ್ಡ ಪುಸ್ತಕಗಳನ್ನು ಒಟ್ಟಿಗೆ ಓದಿಸಿದರು. ಒಬ್ಬರಿಗೆ ಅರ್ಥವಾಗದ್ದು ಇನ್ನೊಬ್ಬರಿಗೆ ಹೊಳೆಯುತ್ತದೆ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಇವತ್ತಿಗೂ ಬ್ಯಾಂಕಿನ ಸಾಲದ ಪತ್ರ, ವಿಮೆಯ ಷರತ್ತು, ಕೋರ್ಟಿನ ಆದೇಶ ಇಂಗ್ಲಿಷಿನಲ್ಲಿ ಬಂದಾಗ ಓದಿಸಲು ಇನ್ನೊಬ್ಬರ ಹತ್ತಿರ ಹೋಗುತ್ತೇವೆ. ಅವರು ಹೇಳಿದ್ದೇ ಸತ್ಯ, ಅವರು ತೋರಿಸಿದ ಕಡೆ ಹೆಬ್ಬೆಟ್ಟು. ಇವೆಲ್ಲ ಕನ್ನಡದಲ್ಲಿ ಬರಬೇಕು, ಅದನ್ನು ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬರಾದರೂ ಅದನ್ನು ಓದಬಲ್ಲವರಾಗಬೇಕು.

ಶುರುಮಾಡುವುದು ಕಷ್ಟವಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಹಿಡಿಯಿರಿ: ತಂಬಾಕು, ಹಸು, ಕ್ರಿಕೆಟ್, ಪಂಚಾಯಿತಿ ಕಾಯ್ದೆ. ದಿನಕ್ಕೆ ಒಂದು ಪುಟ ಸಾಕು. ತಿಳಿಯದ ಪದದ ಅರ್ಥ ಮೊದಲು ಸಾಲಿನಿಂದ ಊಹಿಸಿ, ಆಮೇಲೆ ನಿಘಂಟು ನೋಡಿ. ಸಂಜೆ ಅದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ. ಅಜ್ಜ ಎದುರಿಗಿದ್ದರೆ ತಪ್ಪಿದ ಕಡೆ ಅವರೇ ತಿದ್ದುತ್ತಾರೆ. ಕ್ಯೂರಿಂಗ್ ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಬಲ್ಲ ನಿಘಂಟು ಇಲ್ಲ.