ವಿರಳ ಕ್ಯಾನ್ಸರಿಗೆ ಜೀನೋಮ್ ಪರೀಕ್ಷೆ: ಇಂಗ್ಲೆಂಡ್ ನಡೆದು ಬಂದ ದಾರಿ

ಮಾನವ ಜೀನೋಮ್ ಯೋಜನೆ ಪೂರ್ಣಗೊಂಡಿತೆಂದು 2003ರಲ್ಲಿ ಘೋಷಿಸಿದ್ದು ನಿಮಗೆ ತಿಳಿದೇ ಇದೆ. ಸುಮಾರು 300 ಕೋಟಿ ಅಕ್ಷರಗಳ ಆ ಓದಿಗೆ 13 ವರ್ಷ ಹಿಡಿದಿತ್ತು. ಅಂಥ ಓದು ಸಾರ್ವಜನಿಕ ಆಸ್ಪತ್ರೆಯ ರೋಗಿಗೆ ಉಚಿತವಾಗಿ ದೊರೆಯುವಂತಾದದ್ದು ಹೇಗೆ?

ಸಾರ್ಕೋಮಾ ಎಂಬ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಇದು ಮೂಳೆ, ಸ್ನಾಯು, ಕೊಬ್ಬು ಮೊದಲಾದ ಅಂಗಾಂಶಗಳಲ್ಲಿ ಹುಟ್ಟುತ್ತದೆ. ವಯಸ್ಕರ ಕ್ಯಾನ್ಸರುಗಳಲ್ಲಿ ಇದರ ಪಾಲು ಸುಮಾರು ಶೇಕಡ 1 ಮಾತ್ರ. ಆದರೆ ಉಪಬಗೆಗಳು ಹತ್ತಾರು. ಸೂಕ್ಷ್ಮದರ್ಶಕದಲ್ಲಿ ಒಂದು ಇನ್ನೊಂದರಂತೆಯೇ ಕಾಣಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಇಲ್ಲಿ ಜೀನ್‌ಗಳೇ ಗುರುತು ಹೇಳಬೇಕು. ಯೂಯಿಂಗ್ ಸಾರ್ಕೋಮಾದಲ್ಲಿ 11 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿರುವುದು 1983ರಲ್ಲಿ ತಿಳಿಯಿತು. ಹಾಗೆ ಬೆಸೆದುಕೊಂಡ ಜೀನ್ ಯಾವುದೆಂಬುದು 1992ರಲ್ಲಿ ಗೊತ್ತಾಯಿತು.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರಲ್ಲಿ ಆರಂಭವಾಯಿತು. ಅದರ ರೋಗಿಗಳ ಒಂದು ಲಕ್ಷ ಜೀನೋಮ್‌ಗಳನ್ನು ಓದುವ ಯೋಜನೆಯನ್ನು ಸರ್ಕಾರ 2012ರಲ್ಲಿ ಪ್ರಕಟಿಸಿತು. ಇದಕ್ಕಾಗಿ 2013ರಲ್ಲಿ ಜೀನೋಮಿಕ್ಸ್ ಇಂಗ್ಲೆಂಡ್ ಎಂಬ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. ಆಯ್ದುಕೊಂಡ ವಿಷಯಗಳು ಎರಡು: ವಿರಳ ರೋಗಗಳು ಮತ್ತು ಕ್ಯಾನ್ಸರ್. ಕ್ಯಾನ್ಸರ್ ರೋಗಿಯೊಬ್ಬರಿಂದ ಎರಡು ಜೀನೋಮ್‌ಗಳನ್ನು ಓದಬೇಕು, ಗಡ್ಡೆಯದೊಂದು, ರಕ್ತದ್ದೊಂದು. ಎರಡನ್ನೂ ಹೋಲಿಸಿದಾಗಲೇ ಹುಟ್ಟಿನಿಂದ ಬಂದ ವ್ಯತ್ಯಾಸ ಯಾವುದು, ಗಡ್ಡೆಯಲ್ಲಿ ಹೊಸದಾಗಿ ಆದ ಬದಲಾವಣೆ ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ಈ ಕೆಲಸದಲ್ಲಿ ದೊಡ್ಡ ಅಡ್ಡಿಯಾದದ್ದು ಫಾರ್ಮಲಿನ್! ಗಡ್ಡೆಯ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸುವುದು ಆಸ್ಪತ್ರೆಗಳ ಹಳೆಯ ರೂಢಿ. ಕೋಶಗಳ ಆಕಾರ ನೋಡಲು ಅದು ಒಳ್ಳೆಯದು. ಆದರೆ ಡಿಎನ್‌ಎ ತುಂಡಾಗಿ ಕೆಡುತ್ತದೆ. ಇಡೀ ಜೀನೋಮ್ ಓದಲು ತಾಜಾ ಚೂರನ್ನು ಕೂಡಲೇ ಶೈತ್ಯೀಕರಿಸಬೇಕು. ಹೀಗಾಗಿ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಪ್ರಯೋಗಾಲಯದವರೆಗಿನ ಪದ್ಧತಿಯನ್ನೇ ಬದಲಿಸಬೇಕಾಯಿತು.

2018ರ ಡಿಸೆಂಬರ್‌ನಲ್ಲಿ ಒಂದು ಲಕ್ಷದ ಗುರಿ ಮುಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ 7 ಪ್ರಯೋಗಾಲಯ ಕೇಂದ್ರಗಳೊಡನೆ ಜೀನೋಮ್ ವೈದ್ಯಕೀಯ ಸೇವೆ ಆರಂಭವಾಯಿತು. ಯಾವ ರೋಗಕ್ಕೆ ಯಾವ ಪರೀಕ್ಷೆ ಎಂಬುದನ್ನು ರಾಷ್ಟ್ರೀಯ ಪಟ್ಟಿಯೊಂದು ನಿಗದಿಪಡಿಸುತ್ತದೆ. ಸಾರ್ಕೋಮಾ ಮತ್ತು ಮಕ್ಕಳ ಕ್ಯಾನ್ಸರುಗಳಿಗೆ ಅದರಲ್ಲಿ ಇಡೀ ಜೀನೋಮ್ ಪರೀಕ್ಷೆಯೇ ಸೇರಿದೆ. 2020ರಲ್ಲಿ ಅಲ್ಲಿ ಲಭ್ಯವಾದ ಲಾರೋಟ್ರೆಕ್ಟಿನಿಬ್ ಔಷಧಿ ಗಡ್ಡೆ ಯಾವ ಅಂಗದ್ದೆಂದು ನೋಡುವುದಿಲ್ಲ. ಎನ್‌ಟಿಆರ್‌ಕೆ ಜೀನ್ ಬೆಸೆದುಕೊಂಡಿದೆಯೇ ಎಂಬುದೇ ಮುಖ್ಯ. ಪರೀಕ್ಷೆಯಿಲ್ಲದೆ ಆ ಔಷಧಿಯೂ ಇಲ್ಲ.

ಒಂದು ಮಾತನ್ನು ನೀವು ಗಮನಿಸಬೇಕು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪರೀಕ್ಷೆ ರೋಗಿಗೆ ದಕ್ಕುವುದಿಲ್ಲ. ಚೂರನ್ನು ಕೂಡಲೇ ಶೈತ್ಯೀಕರಿಸುವ ಕೈ ಬೇಕು, ಚಿಕಿತ್ಸೆ ನಿರ್ಧರಿಸುವ ಮುನ್ನ ವರದಿ ಬರಬೇಕು. ರೋಗ ವಿರಳವಾದಷ್ಟೂ ಈ ಕೊಂಡಿ ಕಳಚುವ ಅಪಾಯ ಹೆಚ್ಚು.